ಎರರ್ ಪೂರ್ತಿ ಓದಿಸುತ್ತಿದ್ದ ಅಕ್ಕ

ಇಂಥ ಬರಹಗಳನ್ನು ಸತ್ತವರ ಮೇಲೆ ಬರೆಯುತ್ತಾರೆ, ಇಲ್ಲವೇ ಶಾಲು ಹೊದೆಸಿ ಮನೆಗೆ ಕಳಿಸಿದವರ ಮೇಲೆ. ನಾನು ಬರೆಯಹೊರಟಿರುವ ಅಕ್ಕನಿಗೆ ಎರಡೂ ಆಗಿಲ್ಲ. ಮೊನ್ನೆ ತಾನೇ ಮಾಯಸಂದ್ರದ ಬಸ್ ಸ್ಟಾಪಿನಲ್ಲಿ ನನ್ನ ಹೇರ್ ಕಟ್ ನೋಡಿ, ನಿಮ್ಮ ತೋಟದಲ್ಲಿ ಗರಿ ಕತ್ತರಿಸುವವನ ಕೈಗೆ ತಲೆ ಕೊಟ್ಟೆಯಾ ಎಂದು ಕೇಳುವಷ್ಟು ಬದುಕಿದ್ದಾರೆ. ತೀರಿಕೊಂಡದ್ದು ಅವರ ಅಂಗಡಿ. ‘ಕಂಪ್ಯೂಟರ್, ಜೆರಾಕ್ಸ್, ಪ್ರಾಜೆಕ್ಟ್ ವರ್ಕ್’ ಎಂಬ ಬೋರ್ಡು ಇಳಿದು, ಅದೇ ಮೊಳೆಗಳಿಗೆ ‘ಫ್ರೆಶ್ ಚಿಕನ್’ ಎಂಬ ಬೋರ್ಡು ಏರಿದೆ. ನಾವು ಈಗಲೂ ಅದೇ ಬಾಗಿಲಲ್ಲಿ ಸಾಲಾಗಿ ನಿಲ್ಲುತ್ತೇವೆ. ವ್ಯತ್ಯಾಸ ಇಷ್ಟೇ, ಆಗ ಕತ್ತು ನಮ್ಮದಾಗಿತ್ತು.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಮಾಯಸಂದ್ರದ ಆಸುಪಾಸಿನಲ್ಲಿ ಡಿಪ್ಲೊಮಾ, ಬಿಸಿಎ ಎಂದು ಓದುತ್ತಿದ್ದ ಎಲ್ಲರಿಗೂ ಅವರು ಅಕ್ಕ. ನಮ್ಮ ಲೆಕ್ಚರರ್ ಒಬ್ಬರು ಅವರಿಗಿಂತ ಹಿರಿಯರು. ಅವರೂ ತಮ್ಮ ಪ್ರೋಗ್ರಾಂ ಕೆಟ್ಟಾಗ ಅಕ್ಕ ಎನ್ನುತ್ತಿದ್ದರು, ಸರಿಹೋದ ಮೇಲೆ ಹೆಸರು ಹಿಡಿದು ಕರೆಯುತ್ತಿದ್ದರು.

ಅಂಗಡಿ ಇದ್ದದ್ದು ಅವರ ಮನೆಯ ಮುಂದಿನ ಕೋಣೆಯಲ್ಲಿ. ಮೇಲೆ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ. ನಮ್ಮ ಕಡೆ ಕಾಯಿಯನ್ನು ಕಿತ್ತ ತಕ್ಷಣ ಒಡೆದು ಬಿಸಿಲಿಗೆ ಹಾಕುವುದಿಲ್ಲ. ಸಿಪ್ಪೆಯ ಸಮೇತ ಅಟ್ಟಕ್ಕೆ ಏರಿಸಿ, ವರ್ಷದ ಹತ್ತಿರ ಹತ್ತಿರ ಮಲಗಿಸಿಬಿಡುತ್ತೇವೆ. ಒಳಗಿನ ನೀರು ಇಂಗಬೇಕು, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಳ್ಳಬೇಕು, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಆಗ ಇಳಿಸಿ ಸುಲಿದರೆ ಉಂಡೆ ಕೊಬ್ಬರಿ. ಅವಸರಪಟ್ಟು ಇಳಿಸಿದರೆ ಹಸಿ ತಿರುಳು, ಬೂಸಲು, ಮನೆಮಂದಿಯ ಬೈಗುಳ. ಇಂಥ ಅಟ್ಟದ ಕೆಳಗೆ ಕೂತು ಜಾವಾ ಕಲಿತವರು ಪ್ರಪಂಚದಲ್ಲಿ ನಾವೇ ಇರಬೇಕು. ಅಲ್ಲಿನ ಕೀಬೋರ್ಡನ್ನು ತಲೆಕೆಳಗು ಮಾಡಿ ಬಡಿದರೆ ಒಂದು ಹಾಸಿಗೆಗೆ ಆಗುವಷ್ಟು ನಾರು ಉದುರುತ್ತಿತ್ತು. ಮೌಸನ್ನು ಇಲಿಗಳು ತಮ್ಮ ನೆಂಟನೆಂದು ಬಂದು ಮೂಸಿ ಹೋಗುತ್ತಿದ್ದವು. ಇದನ್ನು ನಾನು ಕಣ್ಣಾರೆ ಕಂಡಿಲ್ಲ, ಆದರೆ ನಡೆದಿರಲೇಬೇಕು.

ಅಕ್ಕ ಸಣ್ಣಗಿದ್ದರು. ಕೈಗೆ ಬಳೆಯ ಜೊತೆ ರಬ್ಬರ್ ಬ್ಯಾಂಡು ಇರುತ್ತಿತ್ತು, ಬಾಯಲ್ಲಿ ಒಂದು ಚೂರು ಒಣ ಕೊಬ್ಬರಿ. ಆ ಕೊಬ್ಬರಿ ಚೂರನ್ನು ನೋಡಿದರೆ ಸಾಕು, ನಿಮ್ಮ ಪ್ರೋಗ್ರಾಮಿನ ಜಾತಕ ತಿಳಿಯುತ್ತಿತ್ತು. ಎಡಗೆನ್ನೆಯಲ್ಲಿ ಸುಮ್ಮನೆ ಕೂತಿದ್ದರೆ ಇನ್ನೂ ಯೋಚಿಸುತ್ತಿದ್ದಾರೆ. ಎಡದಿಂದ ಬಲಕ್ಕೆ ಹೋಯಿತೆಂದರೆ ಕಾರಣ ಸಿಕ್ಕಿತು. ನುಂಗಿದರೆಂದರೆ ನೀವು ಎದ್ದು ಹೋಗಬಹುದು, ಮುಂದಿನವನು ಬರಬಹುದು.

ಅವರು ಯಾರ ಕೀಬೋರ್ಡನ್ನೂ ಮುಟ್ಟುತ್ತಿರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಮ್ಮ ಬೆನ್ನ ಹಿಂದೆ ನಿಲ್ಲುವರು. ನಿನ್ನ ಎರರ್, ನಿನ್ನ ಕೈ ಎಂಬುದು ಅವರ ಸಿದ್ಧಾಂತ. ಎರಡನೆಯ ಸಿದ್ಧಾಂತ, ಎರರನ್ನು ಗಟ್ಟಿಯಾಗಿ ಓದಬೇಕು, ಕೊನೆಯವರೆಗೂ ಓದಬೇಕು. ಜಾವಾದ ಎರರ್ ಎಂದರೆ ಮದುವೆ ಕರೆಯೋಲೆಯ ಹಾಗೆ, ಮೇಲೊಂದು ಮುಖ್ಯ ಸಾಲು, ಕೆಳಗೆ ಬಂಧುಬಳಗದವರ ಹೆಸರು ಪುಟಗಟ್ಟಲೆ. ಮೊದಲನೇ ಸಾಲನ್ನು ಅರ್ಧ ಓದಿ, ಅಕ್ಕ ಇದು ಹೋಗ್ತಾ ಇಲ್ಲ ಎಂದು ಮುಖ ಸಪ್ಪಗೆ ಮಾಡುವುದು ನಮ್ಮ ರೂಢಿ. ಅವರು ಹಿಂದಿನಿಂದ ಒಂದೇ ಮಾತು ಹೇಳುತ್ತಿದ್ದರು, “ಪೂರ್ತಿ ಓದು.” ಎಷ್ಟೆಂದರೆ, ಆ ಬೀದಿಯ ಗಿಳಿಯೊಂದು ಅದನ್ನು ಕಲಿತು ಜೆರಾಕ್ಸಿಗೆ ಬಂದ ಪಂಚಾಯ್ತಿ ಮೆಂಬರಿಗೆ ಹೇಳಿತ್ತು ಎಂದು ನಾನು ಕಾಲೇಜಿನಲ್ಲಿ ಹಬ್ಬಿಸಿದ್ದೇನೆ.

ನಾನು ಮೊದಲ ಸಲ ಅಲ್ಲಿಗೆ ಹೋದದ್ದು ನಮ್ಮ ಗುಂಪಿನ ಹಾಜರಿ ಪ್ರೋಗ್ರಾಂ ಹೊತ್ತುಕೊಂಡು. ಕ್ಯಾಮೆರಾ ಮುಖ ನೋಡಿ ಹಾಜರಿ ಹಾಕಬೇಕು. ಜಾವಾ ಒಂದರಿಂದ ಅದಾಗುವುದಿಲ್ಲ. ಮುಖ ಗುರುತಿಸುವ ಕೆಲಸವನ್ನು ಬೇರೆ ಭಾಷೆಯಲ್ಲಿ ಬರೆದು, ಆಯಾ ಕಂಪ್ಯೂಟರಿಗೆ ತಕ್ಕಂತೆ ಮಾಡಿಟ್ಟ ಒಂದು ಫೈಲು ಬೇಕು. ಅದಕ್ಕೆ ನೇಟಿವ್ ಲೈಬ್ರರಿ ಎಂದು ಹೆಸರು. ಜಾವಾ ಓಡುವಾಗ ಹೋಗಿ ಅದನ್ನು ಎಬ್ಬಿಸಿಕೊಂಡು ಬರಬೇಕು. ನಮ್ಮದು ಎಬ್ಬಿಸಲು ಹೋಗಿ, ಅಂಥವರು ಇಲ್ಲಿ ಯಾರೂ ಇಲ್ಲ ಎಂದು ವಾಪಸು ಬರುತ್ತಿತ್ತು. ಆಗ ನಾನು, ತರಗತಿಯಲ್ಲಿ ಬುದ್ಧಿವಂತನೆಂದು ನಾನೇ ಘೋಷಿಸಿಕೊಂಡಿದ್ದವನು, ಒಂದು ಅಮೋಘ ಉಪಾಯ ಮಾಡಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಎಷ್ಟು ಫೋಲ್ಡರುಗಳಿವೆಯೋ ಅಷ್ಟಕ್ಕೂ ಆ ಫೈಲಿನ ಒಂದೊಂದು ಕಾಪಿ ಹಾಕಿದ್ದೆ. ವಿಂಡೋಸಿನ ಹೊಟ್ಟೆಗೆ, ಜಾವಾದ ಬಾಯಿಗೆ, ಹಾಡುಗಳ ಫೋಲ್ಡರಿಗೆ, ನಮ್ಮ ಚಿಕ್ಕಪ್ಪನ ಮದುವೆ ಫೋಟೋಗಳ ಮಧ್ಯಕ್ಕೂ. ಎಲ್ಲಿ ಹುಡುಕಿದರೂ ಸಿಗಲಿ ಎಂದು. ಸಿಕ್ಕಿತು. ಆದರೆ ಎರರ್ ಬದಲಾಯಿತು.

ಅಕ್ಕ ಓದಿಸಿದರು. ಓದಿದೆ. ಪೂರ್ತಿ ಓದಿಸಿದರು. ಪೂರ್ತಿ ಓದಿದೆ. ಮೂವತ್ತೆರಡು ಬಿಟ್ಟಿನ ಫೈಲು ತಂದು ಅರವತ್ನಾಲ್ಕು ಬಿಟ್ಟಿನ ಮನೆಯೊಳಗೆ ಕೂರಿಸುತ್ತಿದ್ದೀಯ, ಕೂರುವುದಿಲ್ಲ ಎಂಬುದು ಅದರ ಸಾರಾಂಶ. ಬೇರೆ ಯಾರಾದರೂ ಆಗಿದ್ದರೆ ನನ್ನನ್ನು ಹೊರಗಟ್ಟುತ್ತಿದ್ದರು. ಅಕ್ಕನಿಗೆ ಖುಷಿಯಾಯಿತು.

“ಮೊದ್ಲು ಸಿಕ್ಲಿಲ್ಲ ಅಂತಿತ್ತು. ಈಗ ಸಿಕ್ತು, ಹಿಡಿಸ್ತಾ ಇಲ್ಲ ಅಂತೈತೆ. ಎರರ್ ಬದಲಾಯ್ತು ಅಂದ್ರೆ ಮುಂದಕ್ ಬಂದ್ವಿ ಅಂತ ಕಣ್ಲಾ.”

ನಾನು ಕೂಡಲೇ ಅದು ನನ್ನ ಉಪಾಯದ ಮಹಿಮೆ ಎಂದೆ. ಅವರು ಮೇಲೆ ಅಟ್ಟದ ಕಡೆ ಕೈ ತೋರಿಸಿದರು. ಹೋದ ವರ್ಷದ ಕಾಯಿ ಇಳಿಸದೆ ಈ ವರ್ಷದ್ದು ಏರಿಸಿದರೆ ಏನಾಗುತ್ತದೆ ಎಂದು ಕೇಳಿದರು. ಯಾವುದು ಒಣಗಿದ್ದು, ಯಾವುದು ಹಸಿ ತಿಳಿಯದೆ ಮೊದಲು ಕೈಗೆ ಸಿಕ್ಕಿದ್ದನ್ನೇ ಇಳಿಸುತ್ತಾರೆ ಎಂದೆ. “ಅದೂ ಹಂಗೇ ಮಾಡೈತೆ. ಅದಕ್ಕೆ ಇಂತಿಂಥ ಅಟ್ಟ ನೋಡು ಅಂತ ಒಂದು ದಾರಿ ಬರ್ದು ಕೊಟ್ಟಿರ್ತೀವಿ. ಆ ದಾರೀಲಿ ಮೊದ್ಲು ಸಿಕ್ಕಿದ್ದನ್ನ ಎತ್ಕೊಂಡ್ ಬತ್ತೈತೆ. ನೀನು ಊರಿಗೆಲ್ಲ ಹಳೇ ಕಾಯಿ ಎರಚಿ ಕೂತಿದ್ದೀಯ. ಎಲ್ಲಾ ಇಳಿಸು.”

ಎರಚುವುದಕ್ಕೆ ಐದು ನಿಮಿಷ ಹಿಡಿದಿತ್ತು, ಇಳಿಸುವುದಕ್ಕೆ ಒಂದು ಇಡೀ ಮಧ್ಯಾಹ್ನ ಹೋಯಿತು. ಚಿಕ್ಕಪ್ಪನ ಮದುವೆಯ ಆಲ್ಬಮ್ಮಿನಲ್ಲಿ ಧಾರೆಗೂ ಊಟಕ್ಕೂ ನಡುವೆ ಅಡಗಿ ಕೂತಿದ್ದ ಕಡೆಯ ಕಾಪಿಯನ್ನು ಅಳಿಸಿ, ಸರಿಯಾದ ಫೈಲನ್ನು ಒಂದೇ ಒಂದು ಕಡೆ ಇಟ್ಟಾಗ ಪ್ರೋಗ್ರಾಂ ಓಡಿತು. ಅಕ್ಕ ಕೊಬ್ಬರಿ ನುಂಗಿದರು.

ಜಾವಾಕ್ಕೂ ನೇಟಿವ್ ಲೈಬ್ರರಿಗೂ ಇರುವ ಭೇದವನ್ನು ನಮ್ಮ ಪುಸ್ತಕ ಮೂರು ಪುಟ ಹೇಳುತ್ತದೆ. ಅಕ್ಕ ಹೇಳುತ್ತಿದ್ದದ್ದು ಇಷ್ಟು: ಜಾವಾ ಯಾರ ಮನೆಯಲ್ಲಾದರೂ ಉಣ್ಣುತ್ತದೆ, ನೇಟಿವ್ ಲೈಬ್ರರಿ ನಮ್ಮ ಅಜ್ಜಿಯ ಹಾಗೆ, ಅದಕ್ಕೆ ಅದರದೇ ತಟ್ಟೆ, ಅದರದೇ ಲೋಟ, ಅದರದೇ ಮೂಲೆ. ಪರೀಕ್ಷೆಯಲ್ಲಿ ನಾನು ಅಜ್ಜಿಯ ಸಮೇತ ಬರೆದೆ. ಅರ್ಧ ಮಾರ್ಕು ಕೊಟ್ಟರು. ಅಜ್ಜಿಗೆ ಬಂದದ್ದೋ ಜಾವಾಕ್ಕೆ ಬಂದದ್ದೋ ತಿಳಿಯಲಿಲ್ಲ.

ಅಂಗಡಿಯ ಗೋಡೆಯ ಮೇಲೆ ರಟ್ಟಿನ ತುಂಡೊಂದು ತೂಗುತ್ತಿತ್ತು. ‘ಫೈಲಿನ ಹೆಸರಲ್ಲಿ ಕನ್ನಡ ಬೇಡ. ಖಾಲಿ ಜಾಗ ಬೇಡ. ದೇವರು ಬೇಡ.’ ಪ್ರಾಜೆಕ್ಟಿನ ಫೋಲ್ಡರಿಗೆ ಮನೆದೇವರ ಹೆಸರಿಡುವುದು ನಮ್ಮವರ ಚಾಳಿ, ಅದಕ್ಕೇ ಮೂರನೆಯ ಸಾಲು. ದಾರಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ಅದನ್ನು ಓದಿ ಒಳಗೆ ನುಗ್ಗಿದರು. ಹೆಣ್ಣುಮಗಳು ನಾಲ್ಕಕ್ಷರ ಕಲಿತು ದೇವರು ಬೇಡ ಎನ್ನುವುದೇ ಎಂದು ಕೂಗಾಡಿದರು. ಅಕ್ಕ ಅವರನ್ನು ಕೂರಿಸಿ, ಟೀ ತರಿಸಿ, ಒಂದು ಹಳೆಯ ಜಾವಾ ಪ್ರೋಗ್ರಾಮಿಗೆ ಕನ್ನಡದ ಫೋಲ್ಡರಿನ ದಾರಿ ಕೊಟ್ಟು ಓಡಿಸಿ ತೋರಿಸಿದರು. ದೇವರ ಹೆಸರು ಇರಬೇಕಾದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ನಿಂತಿದ್ದವು. ಕೆಲವು ಹಳೆಯ ಜಾವಾಗಳಿಗೆ ಆ ದಾರಿಯಲ್ಲಿ ಕನ್ನಡ ಕಾಣುವುದಿಲ್ಲ, ಕಾಣದ ಅಕ್ಷರವನ್ನೆಲ್ಲ ಹೀಗೆ ಪ್ರಶ್ನೆ ಮಾಡಿಬಿಡುತ್ತದೆ, ಆಮೇಲೆ ಅಂಥ ಫೋಲ್ಡರೇ ಇಲ್ಲ ಎನ್ನುತ್ತದೆ ಎಂದು ವಿವರಿಸಿದರು. ಹಿರಿಯರು ಟೀ ಮುಗಿಸಿ, ನಾಸ್ತಿಕ ನೀನಲ್ಲ, ಅದು ಎಂದು ಕಂಪ್ಯೂಟರಿನ ಕಡೆ ಬೆರಳು ತೋರಿಸಿ ಹೊರಟುಹೋದರು.

ಆ ರಟ್ಟಿನ ವಿಷಯದಲ್ಲಿ ಅಕ್ಕ ಯಾರಿಗೂ ವಿನಾಯಿತಿ ಕೊಟ್ಟವರಲ್ಲ. ನನ್ನ ಗೆಳತಿಯೊಬ್ಬಳು (ಅವಳು ಹಾಗೆ ಒಪ್ಪುವುದಿಲ್ಲ) ಕನ್ನಡದಲ್ಲಿ ತನ್ನ ಹೆಸರಿಟ್ಟುಕೊಂಡು ಫೋಲ್ಡರ್ ತಂದಾಗ, ಮೊದಲು ಹೆಸರು ಬದಲಾಯಿಸು, ಆಮೇಲೆ ಕೂತುಕೋ ಎಂದು ನಿಲ್ಲಿಸಿಯೇ ಮಾತಾಡಿಸಿದ್ದರು.

ಈಗ ಅಕ್ಕನ ಅಪ್ಪನ ವಿಷಯಕ್ಕೆ ಬರಬೇಕು.

ಅವರು ಈ ಸೀಮೆಗೆಲ್ಲ ಕಾಯಿ ಅಲ್ಲಾಡಿಸುವವರೆಂದು ಹೆಸರಾಗಿದ್ದರು. ಅಟ್ಟ ಇಳಿಸುವ ಕಾಲ ಬಂತೋ ಇಲ್ಲವೋ ಎಂದು ಅನುಮಾನವಾದಾಗ ಜನ ಅವರನ್ನು ಕರೆದೊಯ್ಯುತ್ತಿದ್ದರು. ಏಣಿ ಹತ್ತಿ, ಅಲ್ಲೊಂದು ಇಲ್ಲೊಂದು ಕಾಯಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಇಳಿಸಿ ಎಂದರೆ ಇಳಿಸಬೇಕು, ಇರಲಿ ಎಂದರೆ ಇರಬೇಕು. ಬದಲಿಗೆ ಅವರು ಕೇಳುತ್ತಿದ್ದದ್ದು ಒಂದು ಲೋಟ ಕಾಫಿ, ಜೊತೆಗೆ ಎಲ್ಲರೂ ಸುಮ್ಮನಿರುವುದು. ಅವರು ಅಟ್ಟದಲ್ಲಿದ್ದಾಗ ಕೋಳಿಯೂ ಕೂಗುತ್ತಿರಲಿಲ್ಲವಂತೆ. ಕೂಗಿದ ಕೋಳಿ ಮಧ್ಯಾಹ್ನ ಸಾರಾಗುತ್ತಿತ್ತು ಎಂಬುದು ನನ್ನ ಸೇರ್ಪಡೆ.

ನಾಲ್ಕು ವರ್ಷದ ಕೆಳಗೆ ಅವರ ಕಿವಿ ಮಂಕಾಗತೊಡಗಿತು. ಅದನ್ನು ಅವರು ಯಾರಿಗೂ ಹೇಳಲಿಲ್ಲ. ಒಂದು ಮನೆಯಲ್ಲಿ ಇಳಿಸಿ ಎಂದರು, ಇಳಿಸಿದರು, ಸುಲಿದರು. ಒಳಗೆ ತಿರುಳು ಚಿಪ್ಪಿಗೆ ಅಂಟಿಕೊಂಡಿತ್ತು, ನೀರು ಇನ್ನೂ ಇತ್ತು. ಆ ಮನೆಯವರು ಜಗಳಕ್ಕೆ ಬರಲಿಲ್ಲ. ಮುಂದಿನ ವರ್ಷ ಕರೆಯಲಿಲ್ಲ, ಅಷ್ಟೇ. ಅವರು ಕರೆಯದ್ದನ್ನು ನೋಡಿ ಬೇರೆಯವರೂ ಕರೆಯಲಿಲ್ಲ. ಅಪ್ಪ ಅಂಗಡಿಯ ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಜೆರಾಕ್ಸ್ ಯಂತ್ರದ ಬೆಳಕು ಹೋಗಿ ಬರುವುದನ್ನು ನೋಡುತ್ತಿದ್ದರು. ಮಾತು ನಿಂತಿತ್ತು. ಶ್ರವಣಯಂತ್ರ ಎಂಬ ಪದವನ್ನು ಅಕ್ಕ ಒಮ್ಮೆ ಎತ್ತಿದಾಗ ಕುರ್ಚಿಯನ್ನು ಬೀದಿಗೆ ಎಳೆದುಕೊಂಡು ಹೋಗಿ ಕೂತರು.

ಆಗ ಅಕ್ಕ ‘ಕಿವಿ’ ಬರೆಯಲು ಶುರುಮಾಡಿದ್ದು. ಕಿವಿ ಎಂದರೆ ಪ್ರೋಗ್ರಾಂ. ಒಂದು ಸಣ್ಣ ಮೈಕನ್ನು ಕಾಯಿಗೆ ಒತ್ತಿ ಅಲ್ಲಾಡಿಸಿದರೆ ಒಳಗಿನ ಸದ್ದು ಕೇಳಿ, ಒಣಗಿದ್ದರೆ ಹಸಿರು ಬೊಟ್ಟು, ಇಲ್ಲದಿದ್ದರೆ ಕೆಂಪು ಬೊಟ್ಟು ತೋರಿಸಬೇಕು. ಬೊಟ್ಟು ಬಿಡಿಸುವುದು ಜಾವಾದ ಕೆಲಸ. ಸದ್ದು ಕೇಳುವುದು ಅಕ್ಕ ಸಿ ಭಾಷೆಯಲ್ಲಿ ಬರೆದ ನೇಟಿವ್ ಲೈಬ್ರರಿಯ ಕೆಲಸ. ಅದನ್ನು ಪಳಗಿಸಲು ಅವರು ತಮ್ಮ ಅಟ್ಟದ ಕಾಯಿಗಳನ್ನೆಲ್ಲ ಅಲ್ಲಾಡಿಸಿದರು. ಆಮೇಲೆ ನಮ್ಮನ್ನು ಹತ್ತಿಸಿ ಅಲ್ಲಾಡಿಸಿದರು. ಆ ಮಳೆಗಾಲದಲ್ಲಿ ಅಂಗಡಿಗೆ ಬಂದವರೆಲ್ಲರ ಬಲ ತೋಳು ಎಡ ತೋಳಿಗಿಂತ ದಪ್ಪವಾಗಿ, ನಮ್ಮ ಕಾಲೇಜಿನ ಕಬಡ್ಡಿ ತಂಡ ಗೆಲ್ಲತೊಡಗಿತು.

ಪ್ರೋಗ್ರಾಂ ಸಿದ್ಧವಾದ ಮೇಲೆ ಅಕ್ಕ ಬಿಳಿಗೆರೆಯ ತಮ್ಮ ಸೋದರಮಾವನ ಹತ್ತಿರ ಹೋಗಿ, ಈ ಸಲ ಅಟ್ಟ ನೋಡಲು ಅಪ್ಪನನ್ನು ಕರೆಯಬೇಕು ಎಂದು ಕೇಳಿಕೊಂಡರು. ಮಾವ ದೊಡ್ಡ ಬಾಯಿಯ ಮನುಷ್ಯ. ಮೊದಲು ನಕ್ಕರು, ಆಮೇಲೆ ಒಪ್ಪಿದರು. ಆದರೆ ನೆಂಟರು, ಅಕ್ಕಪಕ್ಕದವರು ಎಲ್ಲ ಇರುತ್ತಾರೆ, ಈ ಸಲವೂ ಎಡವಿದರೆ ಈ ಕೆಲಸ ಬಿಡಲು ನೀನೇ ಹೇಳಬೇಕು ಎಂದರು. ಅಕ್ಕ ಆಗಲಿ ಎಂದು ಬಂದರು. ಅಪ್ಪನಿಗೆ ಹೇಳಿದ್ದು ಮಾತ್ರ, ಮಾವ ಕರೆಯುತ್ತಿದ್ದಾನೆ, ನೀವೇ ಬರಬೇಕಂತೆ ಎಂದು. ಅಪ್ಪ ಕುರ್ಚಿಯಿಂದ ಎದ್ದು ಪಂಚೆ ಝಾಡಿಸಿಕೊಂಡರು. ಅಂದಿನಿಂದ ಜೆರಾಕ್ಸ್ ಯಂತ್ರಕ್ಕೆ ಪ್ರೇಕ್ಷಕರಿಲ್ಲ.

ಅಂಗಡಿಯ ಕಂಪ್ಯೂಟರನ್ನು ಹೊತ್ತು ಏಣಿ ಹತ್ತುವಂತಿಲ್ಲ. ಲ್ಯಾಪ್‌ಟಾಪು ಇದ್ದದ್ದು ನನ್ನ ಬಳಿ. ಅದರ ಒಂದು ಕೀಲು ಮುರಿದು ತೆಂಗಿನ ನಾರಿನ ಹುರಿಯಲ್ಲಿ ಕಟ್ಟಿಸಿಕೊಂಡಿತ್ತು. ಒಳಗಿದ್ದ ಜಾವಾ ನಮ್ಮ ಪ್ರಿನ್ಸಿಪಾಲರಷ್ಟು ಹಳೆಯದು. ಆದರೂ ಲ್ಯಾಪ್‌ಟಾಪೇ. ಅದು ಹೋದಲ್ಲಿಗೆ ನಾನೂ ಹೋಗುವುದೆಂದು ಷರತ್ತು ಹಾಕಿದೆ. ಅಕ್ಕ ಕಿವಿಯನ್ನು ಅದಕ್ಕೆ ಹಾಕಿ, ನನ್ನ ಕೈಯಲ್ಲಿ ಓಡಿಸಿ, ಬೊಟ್ಟು ಬಣ್ಣ ಬದಲಿಸುವುದನ್ನು ನೋಡಿ ಕೊಬ್ಬರಿ ನುಂಗಿದ್ದರು.

ಹೊರಡುವ ಬೆಳಿಗ್ಗೆ ಮಾವ ಕಳಿಸಿದ ಓಮ್ನಿ ಬಾಗಿಲಲ್ಲಿ ನಿಂತು ಹಾರ್ನ್ ಬಾರಿಸುತ್ತಿತ್ತು. ಹಿಂದಿನ ಸಂಜೆಯೇ ಅಕ್ಕನಿಂದ ಬೊಟ್ಟಿನ ಗುಟ್ಟು ತಿಳಿದುಕೊಂಡಿದ್ದ ಅಪ್ಪ ಒಳಗೆ ಬಂದು ಲ್ಯಾಪ್‌ಟಾಪಿನ ಮುಂದೆ ನಿಂತರು. ಇದರಲ್ಲಿ ಸದ್ದು ಕೇಳುವುದು ಯಾವುದು ಎಂದು ಕೇಳಿದರು. ಅಕ್ಕ ಲೈಬ್ರರಿ ಇದ್ದ ಫೋಲ್ಡರನ್ನು ತೋರಿಸಿದರು.

“ಶ್ರೀ ಬರ್ದಿಲ್ವಲ್ಲೇ.”

ನಮ್ಮಲ್ಲಿ ಎಲ್ಲದಕ್ಕೂ ಶ್ರೀ ಬರೆಯುತ್ತಾರೆ. ಹೊಸ ಪುಸ್ತಕದ ಮೊದಲ ಪುಟಕ್ಕೆ, ಲಗ್ನಪತ್ರಿಕೆಯ ನೆತ್ತಿಗೆ, ಅಟ್ಟ ತುಂಬಿಸುವಾಗ ತೊಲೆಯ ಮೇಲೆ ಸುಣ್ಣದಲ್ಲಿ. ಶ್ರೀ ಬರೆಯದೆ ಶುರುವಾದ ಕೆಲಸ ಶುರುವಾದಂತೆಯೇ ಅಲ್ಲ. ಅಪ್ಪ ಅದೆಷ್ಟೋ ತಿಂಗಳಿಂದ ಮಗಳ ಹತ್ತಿರ ಏನನ್ನೂ ಕೇಳಿರಲಿಲ್ಲ. ಊಟಕ್ಕೆ ಉಪ್ಪು ಕಮ್ಮಿಯಾಗಿದೆ ಎಂದೂ ಹೇಳುತ್ತಿರಲಿಲ್ಲ.

ನಾನು ಗೋಡೆಯ ರಟ್ಟನ್ನು ನೋಡಿದೆ. ಅಕ್ಕ ನಾನು ನೋಡುವುದನ್ನು ನೋಡಿದರು.

“ಆ ಕಡೆ ಏನ್ ನೋಡ್ತೀಯ. ಹೋಗಿ ಗೇಟ್ ತೆಗಿ.”

ಗೇಟ್ ತೆರೆದೇ ಇತ್ತು. ಆದರೂ ಹೋಗಿ, ಮುಚ್ಚಿ, ತೆಗೆದೆ. ವಾಪಸು ಬರುವಷ್ಟರಲ್ಲಿ ಆ ಫೋಲ್ಡರಿನ ಹೆಸರು ‘ಶ್ರೀ’ ಎಂದಾಗಿತ್ತು, ಪ್ರೋಗ್ರಾಮಿಗೆ ಬರೆದುಕೊಟ್ಟ ದಾರಿಯಲ್ಲೂ ಶ್ರೀ ಸೇರಿತ್ತು. ಅಪ್ಪ ಕಣ್ಣು ಕಿರಿದು ಮಾಡಿ ಓದಿ, ಪರದೆಗೆ ಎರಡು ಬೆರಳು ಮುಟ್ಟಿಸಿ ಕಣ್ಣಿಗೊತ್ತಿಕೊಂಡರು. ಓಮ್ನಿ ಮತ್ತೆ ಹಾರ್ನ್ ಬಾರಿಸಿತು. ಯಾವ ಹುಡುಗನನ್ನೂ ಮೂರು ಸಲ ಓಡಿಸಿ ನೋಡದೆ ಎದ್ದು ಹೋಗಲು ಬಿಡದ ಅಕ್ಕ, ಒಂದು ಸಲವೂ ಓಡಿಸಿ ನೋಡದೆ ಲ್ಯಾಪ್‌ಟಾಪು ಮುಚ್ಚಿದರು.

ಬಿಳಿಗೆರೆಯಲ್ಲಿ ಮಾವ ಹೇಳಿದಂತೆಯೇ ಜನ ಸೇರಿದ್ದರು. ನಾನು ಇದನ್ನು ಕಾಲೇಜಿನಲ್ಲಿ ಹೇಳುವಾಗ ಮೈದಾನ ತುಂಬ ಜನ ಎನ್ನುತ್ತೇನೆ. ನಿಜಕ್ಕೆ ಒಂದು ಪಂಕ್ತಿ ಊಟಕ್ಕೆ ಆಗುವಷ್ಟಿದ್ದರು. ಅಪ್ಪ ಏಣಿ ಹತ್ತಿದ ರೀತಿ ನೋಡಿದರೆ ಅವರಿಗೆ ಆ ವಯಸ್ಸಾಗಿದೆ ಎಂದು ಯಾರೂ ಹೇಳುವಂತಿರಲಿಲ್ಲ. ಹಿಂದೆ ಅಕ್ಕ, ಅವರ ಹಿಂದೆ ಲ್ಯಾಪ್‌ಟಾಪನ್ನು ಎಳೆ ಮಗುವಿನಂತೆ ಅವುಚಿಕೊಂಡ ನಾನು, ನನ್ನ ಹಿಂದೆ ಏದುಸಿರು ಬಿಡುತ್ತ ಮಾವ. ಉಳಿದವರು ಕೆಳಗೆ ಏಣಿಯ ಸುತ್ತ ಕತ್ತೆತ್ತಿ ನಿಂತರು. ಅಕ್ಕ ಪರದೆ ಅಪ್ಪನಿಗೆ ಮಾತ್ರ ಕಾಣುವಂತೆ ನನ್ನನ್ನು ಒಂದು ತೊಲೆಯ ಮೂಲೆಗೆ ಕೂರಿಸಿದರು. ಮೈಕಿನ ತಂತಿಯನ್ನು ಅಪ್ಪನ ಅಂಗಿಯ ತೋಳಿನೊಳಗಿಂದ ತಂದಿದ್ದರು. ಕೇಳಿದವರಿಗೆ, ಸದ್ದು ರೆಕಾರ್ಡ್ ಮಾಡಿಕೊಳ್ಳುತ್ತಿದ್ದೇವೆ, ಹುಡುಗನ ಪ್ರಾಜೆಕ್ಟಿಗೆ ಎಂದರು. ಎಷ್ಟಾದರೂ ಅದರಲ್ಲಿ ಸುಳ್ಳಿರಲಿಲ್ಲ, ಮುಂದೆ ಅದು ನನ್ನ ಪ್ರಾಜೆಕ್ಟೇ ಆಯಿತು.

ಅಪ್ಪ ಒಂದು ಕಾಯಿ ಎತ್ತಿಕೊಂಡು ತಯಾರಾದರು. ಮಾವ ಕೆಳಗಿನವರಿಗೆ ಸುಮ್ಮನಿರಲು ಹೇಳಿದರು. ನಾನು ಕಿವಿಯನ್ನು ಓಡಿಸಿದೆ.

ಬೊಟ್ಟು ಬರಲಿಲ್ಲ, ಎರರ್ ಬಂತು.

ಅಕ್ಕನ ಎಡಗೆನ್ನೆಯಲ್ಲಿ ಕೊಬ್ಬರಿ ನಿಂತುಬಿಟ್ಟಿತು. ಅವರು ಪರದೆಯ ಈ ಬದಿಗೆ ಬರುವಂತಿರಲಿಲ್ಲ, ನಡುವೆ ಕಾಯಿಯ ರಾಶಿ. ಅಪ್ಪ ಕಾಯಿಯನ್ನು ಕಿವಿಯ ಹತ್ತಿರ ಹಿಡಿದೇ ನಿಂತಿದ್ದರು, ಕಣ್ಣು ಮಾತ್ರ ನನ್ನ ಪರದೆಯ ಮೇಲೆ. ಮಾವ ಹಿಂದಿನಿಂದ, “ಏನ್ ಭಾವ, ಕಾಯಿ ಏನೂ ಹೇಳ್ತಾ ಇಲ್ವಾ” ಎಂದು ಕೆಳಗಿನವರಿಗೂ ಕೇಳುವಂತೆ ಕೇಳಿದರು. ಯಾರೋ ನಕ್ಕರು. ಅದು ಅಪ್ಪನಿಗೆ ಕೇಳಿಸಿತೋ ಇಲ್ಲವೋ, ಮುಖಗಳಂತೂ ಕಂಡವು.

“ಓದು” ಎಂದರು ಅಕ್ಕ.

ಓದಿದೆ. ಕಿವಿ ಎಂಬ ಲೈಬ್ರರಿ ಕೊಟ್ಟ ದಾರಿಯಲ್ಲಿ ಇಲ್ಲ ಎಂದಿತ್ತು. ಆಮೇಲೆ ಆ ದಾರಿ ಯಾವುದೆಂದು ಬರೆದಿತ್ತು. ಸಿ, ಕೋಲನ್, ಅಡ್ಡಗೀಟು. ಮುಂದೆ ಶ್ರೀ ಇರಬೇಕಾದಲ್ಲಿ ನಾಲ್ಕು ಪ್ರಶ್ನಾರ್ಥಕ ಚಿಹ್ನೆಗಳು ಕೈಕಟ್ಟಿ ನಿಂತಿದ್ದವು. ನಾನು ಬಾಯಿಬಿಟ್ಟು ಅಡ್ಡಗೀಟಿನವರೆಗೆ ಮಾತ್ರ ಓದಿ ತಲೆ ಎತ್ತಿದೆ.

ಅಪ್ಪ ಗಟ್ಟಿಯಾಗಿ ಕೇಳಿದರು, ಕಿವಿ ಮಂದವಾದವರು ಕೇಳುವಷ್ಟು ಗಟ್ಟಿಯಾಗಿ. “ಏನಂತೈತ್ಲಾ ಅದು?”

ಇಂಥ ಗಳಿಗೆಗೆ ನಾನು ಹುಟ್ಟಿದಾಗಿನಿಂದ ಕಾದಿದ್ದೆ. ಮೇಲೆ ಮಾವ, ಕೆಳಗೆ ಒಂದು ಪಂಕ್ತಿ ಜನ, ಎಲ್ಲರ ಕತ್ತೂ ನನ್ನ ಕಡೆ. ನನಗೆ ಕಾರಣ ಗೊತ್ತಿತ್ತು, ಅದೂ ಅಕ್ಕನಿಗಿಂತ ಮೊದಲು. ಶ್ರೀ ಬರೆದದ್ದಕ್ಕೇ ಕೆಟ್ಟಿತು ಎಂಬ ಒಂದು ವಾಕ್ಯ ಬಾಯಲ್ಲಿ ಸಿದ್ಧವಾಗಿ ಕೂತಿತ್ತು. ಅಕ್ಕನನ್ನು ನೋಡಿದೆ. ಪೂರ್ತಿ ಓದು ಎಂದು ಈಗ ಹೇಳುತ್ತಾರೆ ಎಂದುಕೊಂಡೆ. ಅವರು ಹೇಳಲಿಲ್ಲ. ಕೊಬ್ಬರಿ ಮೆಲ್ಲಗೆ ಎಡದಿಂದ ಬಲಕ್ಕೆ ಹೋಯಿತು.

“ಏನಿಲ್ಲ ಕಣಜ್ಜ” ಎಂದೆ ಅಪ್ಪನಿಗೆ. “ಹೊಸ ಜಾಗ ಅಲ್ವಾ, ನಾಚ್ಕೊಂಡೈತೆ.”

ಕೆಳಗೆ ನಗು ಎದ್ದಿತು. ಈ ಸಲ ನಗು ಲ್ಯಾಪ್‌ಟಾಪಿನ ಮೇಲೆ. ಆ ಗದ್ದಲದಲ್ಲಿ ಅಕ್ಕ ಕಾಯಿಯ ರಾಶಿಯ ಮೇಲೆಯೇ ತೆವಳಿಕೊಂಡು ಈ ಕಡೆ ಬಂದರು. ಸೀರೆಗೆಲ್ಲ ನಾರು. ಬಂದವರು ಬೇರೆಯವರ ಕೀಬೋರ್ಡನ್ನು, ಅಂದರೆ ನನ್ನ ಕೀಬೋರ್ಡನ್ನು, ನಾನು ಕಂಡಂತೆ ಮೊದಲ ಸಲ ಮುಟ್ಟಿದರು. ಹೆಸರು ಅಳಿಸಿ ಹಳೆಯ ಇಂಗ್ಲಿಷ್ ಹೆಸರು ಹಾಕಿದ್ದರೆ ಎರಡು ಸೆಕೆಂಡಿನ ಕೆಲಸ. ಅಪ್ಪನ ಕಣ್ಣು ಪರದೆಯ ಮೇಲಿತ್ತು. ಅಕ್ಕ ಶ್ರೀಯನ್ನು ಮುಟ್ಟಲಿಲ್ಲ. ಅದರ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಇನ್ನೊಂದು ಫೋಲ್ಡರ್ ಮಾಡಿದರು, ಲೈಬ್ರರಿಯನ್ನು ಶ್ರೀಯಿಂದ ಎತ್ತಿ ಅದಕ್ಕೆ ಹಾಕಿದರು, ದಾರಿ ತಿದ್ದಿದರು. ಶ್ರೀ ಇದ್ದಲ್ಲೇ ಇತ್ತು, ಎಲ್ಲಕ್ಕಿಂತ ಮೇಲೆ, ಒಳಗೇನೂ ಇಲ್ಲದೆ.

ಓಡಿಸಿದರು. ಅಪ್ಪ ಅಲ್ಲಾಡಿಸಿದರು. ಹಸಿರು ಬೊಟ್ಟು ಬಂತು.

ಆಮೇಲೆ ಅಪ್ಪ ಮಾಡಿದ ಅಭಿನಯವನ್ನು ನೋಡಬೇಕಿತ್ತು. ಒಂದೊಂದು ಕಾಯಿಯನ್ನೂ ಕಿವಿಗೆ ಹಿಡಿದು, ಕಣ್ಣು ಮುಚ್ಚಿದಂತೆ ಮಾಡಿ, ರೆಪ್ಪೆಯ ಸಂದಿಯಿಂದ ಬೊಟ್ಟು ನೋಡಿ, ತಲೆದೂಗಿ, ಸ್ವಲ್ಪ ಹೊತ್ತು ಬಿಟ್ಟು ತೀರ್ಪು ಕೊಡುತ್ತಿದ್ದರು. ಎಲ್ಲಿಯೂ ಅವಸರವಿಲ್ಲ. ಒಂದು ಮೂಲೆಯ ಕಾಯಿಗಳಿಗೆ ಕೆಂಪು ಬಂತು, ಆ ಮೂಲೆ ಇನ್ನೂ ಇರಲಿ ಎಂದರು. ಆ ಮೂಲೆಗೆ ತಡವಾಗಿ ಏರಿಸಿದ ಕಾಯಿ ಹಾಕಿದ್ದೆವು ಎಂದು ಮಾವನಿಗೆ ಆಗ ನೆನಪಾಯಿತು. ಉಳಿದದ್ದರಲ್ಲಿ ಒಂದನ್ನು ಕೆಳಗೆ ಹಾಕಿ ಸುಲಿಸಿ ಒಡೆಸಿದರು. ಚಿಪ್ಪು ಬಿಟ್ಟುಕೊಂಡು ಕೊಬ್ಬರಿ ಇಡಿಯಾಗಿ ಅಂಗಳದಲ್ಲಿ ಉರುಳಿತು. ಮಾವ ಅದನ್ನು ಎತ್ತಿ ಅಪ್ಪನ ಕೈಗೆ ಕೊಟ್ಟರು. ಕಾಫಿ ಬಂತು. ಯಾರೂ ಗಲಾಟೆ ಮಾಡಲಿಲ್ಲ.

ವಾಪಸು ಬರುವಾಗ ಓಮ್ನಿಯಲ್ಲಿ ಅಪ್ಪ ಮುಂದಿನ ಸೀಟಿನಲ್ಲಿ ಕೂತಿದ್ದರು. ಮುಂದಿನ ವಾರ ಇನ್ನೊಂದು ಮನೆಯವರು ಬರಲು ಹೇಳಿದ್ದಾರೆ ಎಂದು ಡ್ರೈವರಿಗೆ ಹೇಳಿದರು. ಸ್ವಲ್ಪ ದೂರ ಹೋದ ಮೇಲೆ ಹಿಂದಕ್ಕೆ ತಿರುಗಿ, “ಶ್ರೀ ಬರ್ದಿದ್ದು ಒಳ್ಳೇದಾಯ್ತು ನೋಡು” ಎಂದರು.

“ಹೂಂ ಕಣಪ್ಪ” ಎಂದರು ಅಕ್ಕ.

ನಾನು ಕಿಟಕಿಯ ಹೊರಗೆ ತೋಟಗಳನ್ನು ನೋಡುತ್ತ ಕೂತೆ. ನನಗೆ ನಗು ಬಂದರೆ ತಡೆಯುವುದು ಕಷ್ಟ.

ಅದಾದ ಮೇಲೆ ಅಕ್ಕ ಮಾಡಿಸಿದ ಪ್ರತಿ ಪ್ರಾಜೆಕ್ಟಿನಲ್ಲೂ ಶ್ರೀ ಎಂಬ ಒಂದು ಖಾಲಿ ಫೋಲ್ಡರ್ ಇರುತ್ತಿತ್ತು. ಗೋಡೆಯ ರಟ್ಟು ಹಾಗೇ ಇತ್ತು, ಅದರ ಪಾಡಿಗೆ ಅದು. ಕಾರಣ ಕೇಳಿದವರಿಗೆ, ನಿನ್ನ ಓದು ನೀನು ನೋಡ್ಕೋ ಎನ್ನುತ್ತಿದ್ದರು. ಹೋದ ವರ್ಷ ಚಿಕ್ಕನಾಯಕನಹಳ್ಳಿಯ ಕಾಲೇಜೊಂದರಲ್ಲಿ ಅವರಿಗೆ ಕಲಿಸುವ ಕೆಲಸ ಸಿಕ್ಕಿತು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಾರೆ. ಮುಂದಿನ ಕೋಣೆ ಕೋಳಿಗಳ ಪಾಲಾಯಿತು. ಅಟ್ಟ ಮಾತ್ರ ಅವರದೇ. ಸೀಸನ್ನು ಬಂದರೆ ಅಪ್ಪ ಸಿಗುವುದಿಲ್ಲ, ಅವರದೇ ಒಂದು ಲ್ಯಾಪ್‌ಟಾಪು ಚೀಲದಲ್ಲಿ ಹಾಕಿಕೊಂಡು ಊರೂರು ತಿರುಗುತ್ತಾರೆ. ಯಾರಾದರೂ ಮುಟ್ಟಲು ಹೋದರೆ, ಮೊದಲು ಶ್ರೀ ತೆಗೆದು ನಮಸ್ಕಾರ ಮಾಡು ಎನ್ನುತ್ತಾರಂತೆ.

ನನ್ನ ವೈವಾ ಆದದ್ದು ಮೊನ್ನೆ. ಕಿವಿಯನ್ನೇ ನಾನು ಹೊಸದಾಗಿ ಬರೆದು ಪ್ರಾಜೆಕ್ಟ್ ಮಾಡಿದ್ದೆ. ಹೊರಗಿನಿಂದ ಬಂದ ಎಕ್ಸಾಮಿನರ್ ಫೋಲ್ಡರುಗಳನ್ನೆಲ್ಲ ತೆರೆದು ನೋಡುತ್ತ ಶ್ರೀಗೆ ಬಂದರು. ತೆರೆದರು, ಖಾಲಿ. ಇದರೊಳಗೆ ಏನೂ ಇಲ್ಲ, ಇದು ಯಾಕೆ, ಇದಕ್ಕೂ ಪ್ರೋಗ್ರಾಮಿಗೂ ಏನು ಸಂಬಂಧ ಎಂದು ಕೇಳಿದರು. ಬಾಯಲ್ಲಿ ನೀರೂರಿತು. ಬಿಳಿಗೆರೆ, ಏಣಿ, ಮಾವ, ಪ್ರಶ್ನಾರ್ಥಕ ಚಿಹ್ನೆ, ಅರ್ಧ ಗಂಟೆಗೆ ಸಾಲುವಷ್ಟು ಸರಕು. ಮಾತಿನಲ್ಲಿ ನನ್ನನ್ನು ಸೋಲಿಸುವವರು ಆ ಕೋಣೆಯಲ್ಲಿರಲಿಲ್ಲ.

ಅದೇ ಸಂಜೆ ಬಸ್ ಸ್ಟಾಪಿನಲ್ಲಿ ಅಕ್ಕನಿಗೆ ಇದನ್ನು ಹೇಳಿದೆ. ಅವರು ನನ್ನ ಕೂದಲು ಬಿಟ್ಟು ಮುಖ ನೋಡಿದರು. ಬಾಯಲ್ಲಿ ಕೊಬ್ಬರಿ ಎಡಗಡೆಗಿತ್ತು.

“ಪೂರ್ತಿ ಹೇಳಿದ್ಯಾ?”

“ಇಲ್ಲ ಅಕ್ಕ. ಶುಭಕ್ಕೆ ಇಟ್ಟಿದ್ದೀನಿ ಸಾರ್ ಅಂದೆ. ಅಲ್ಲಿಗೇ ನಿಲ್ಲಿಸ್ದೆ.”

ಅವರು ಕೊಬ್ಬರಿ ನುಂಗಿ ಮನೆಯ ಕಡೆ ಹೊರಟರು.